ಮೂರನೇ ನಂಬರಿನ ಗೂಡು

ಸಾರೆಮಾ ದ್ವೀಪದ ಈ ದಡದಲ್ಲಿ
ನವೆಂಬರೆಂದರೆ ನಾಲ್ಕಕ್ಕೇ ಕತ್ತಲು.
ಕಡಲಮಟ್ಟ ಅಳೆಯುವ ಕಚೇರಿಯಲ್ಲಿ ನಾನೊಬ್ಬಳೇ,
ಹೀಟರಿನ ಮೇಲೆ ಒದ್ದೆ ಕೈಗವಸು,
ಮೂಲೆಯಲ್ಲಿ ಗುಂಯ್‌ಗುಡುವ ಸರ್ವರು.

ಇಷ್ಟು ವರ್ಷ ಎಲ್ಲವನ್ನೂ ಒಂದೇ ಕಡತಕ್ಕೆ ಬರೆಯಿತು ಅದು:
ಅಂಚೆ ಹೋದದ್ದು, ಗಡಿಯಾರ ತಿದ್ದಿಕೊಂಡದ್ದು,
ಡಿಸ್ಕು ಬಿಸಿಯಾದದ್ದು, ಪ್ರಿಂಟರಿನ ಮುನಿಸು,
ಅವುಗಳ ನಡುವೆಯೇ
ದೂರದಿಂದ ಬಂದು ಬಾಗಿಲು ತಟ್ಟಿದವರ ಲೆಕ್ಕ.
ಬುಟ್ಟಿಯೊಳಗಿನ ಹಾವುಮೀನುಗಳಂತೆ
ಯಾವುದರ ತಲೆ, ಯಾವುದರ ಬಾಲ.

ತಟ್ಟುವವರಿಗೇನು ಬರವಿಲ್ಲ.
ರೂಟ್ ಎನ್ನುತ್ತಾರೆ, ಅಡ್ಮಿನ್ ಎನ್ನುತ್ತಾರೆ,
ಇಲ್ಲಿ ಇಲ್ಲವೇ ಇಲ್ಲದ ಯಾವಳೋ ಮಾರಿಯಾಳ ಹೆಸರು ಹೇಳುತ್ತಾರೆ
ನಿಮಿಷಕ್ಕೆ ನಲವತ್ತು ಸಲ.
ಹೋದ ಪುಟ್ಟ, ಬಂದ ಪುಟ್ಟ.
ಕಳೆದ ವಾರ ಪಕ್ಕದ ಬಂದರಿನಲ್ಲಿ ಒಬ್ಬ ಒಳಗೇ ಬಂದನಂತೆ,
ಹೋಗುವಾಗ ಹೆಜ್ಜೆಗುರುತು ಗುಡಿಸಿ ಹೋದನಂತೆ.
ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಅವರು
ನಮಗೂ ಒಂದು ಪತ್ರ ಬರೆದರು.

ಅದಕ್ಕೇ ಈ ಸಂಜೆ.
ಸಿಸ್‌ಲಾಗಿನ ಬಳಿ ಎಂಟು ಖಾಲಿ ಗೂಡುಗಳಿವೆ,
ಸೊನ್ನೆಯಿಂದ ಏಳು, ಹೆಸರು ಲೋಕಲ್.
ಮೂರನ್ನು ಬಾಗಿಲಿಗೆ ಕೊಟ್ಟೆ.
ಎಸ್‌ಎಸ್‌ಎಚ್‌ಗೆ ಹೇಳಿದೆ: ಇನ್ನು ನಿನ್ನ ಮಾತು ಅಲ್ಲಿ.
ಸಿಸ್‌ಲಾಗಿಗೆ ಹೇಳಿದೆ: ಮೂರಕ್ಕೆ ಬಂದದ್ದು ಬೇರೆ ಕಡತಕ್ಕೆ,
ಒಂದು ಪ್ರತಿ ಕಡಲಾಚೆ ಟಾಲಿನ್‌ಗೆ,
ಇಲ್ಲಿ ಗುಡಿಸಿದರೂ ಅಲ್ಲಿ ಉಳಿಯಲಿ.
ಎಷ್ಟು ಮಾತಾಡಬೇಕೆಂಬ ಸಾಲಿನಲ್ಲಿ
ಇನ್ಫೋ ಅಳಿಸಿ ವರ್ಬೋಸ್ ಎಂದೆ.
ಬಂದವರ ಕೀಲಿಕೈಯ ಹಲ್ಲಿನ ಗುರುತೂ ಬೇಕು ನನಗೆ.

ಮರುಚಾಲನೆಗೆ ಮುಂಚೆ ತೆರೆದ ಕಿಟಕಿ ಮುಚ್ಚಬಾರದು.
ಎಂಡೆಲ್ ಕಲಿಸಿದ್ದು.
"ಏಣಿ ಒದೆಯುವ ಮೊದಲು ಇನ್ನೊಂದು ಏಣಿ ಹತ್ತಿ ನೋಡು, ಹುಡುಗಿ."
(ನಾನಾಗ ಐವತ್ತರ ಹುಡುಗಿ.)
ಇನ್ನೊಂದು ಕಿಟಕಿಯಿಂದ ಬಂದೆ. ತೆರೆಯಿತು.
ಹೊಸ ಕಡತದ ಮೊದಲ ಸಾಲಿನಲ್ಲಿ ನನ್ನದೇ ಹೆಸರು, ವಿರ್ವೆ.
ಕೈಗವಸು ಇನ್ನೂ ಒಣಗಿರಲಿಲ್ಲ. ಹಾಗೇ ಹಾಕಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಓದಿದರೆ
ತಟ್ಟಿದವರು ಇಪ್ಪತ್ತೆಂಟು ಸಾವಿರ ಚಿಲ್ಲರೆ.
ಒಳಬಂದವರು ಒಬ್ಬರೇ,
ಮೂರು ಗಂಟೆ ಹನ್ನೆರಡು ನಿಮಿಷಕ್ಕೆ:
ಎಂಡೆಲ್.

ಎಂಡೆಲ್‌ನನ್ನು ನಾವು ಏಪ್ರಿಲಿನಲ್ಲಿ ಮಣ್ಣು ಮಾಡಿದ್ದೆವು.
ಸ್ಪ್ರೂಸ್ ಕೊಂಬೆ ಹಾಸಿದ ದಾರಿಯ ಮೇಲೆ
ಪೆಟ್ಟಿಗೆಗೆ ಹೆಗಲು ಕೊಟ್ಟವಳು ನಾನು.

ಮರುದಿನವೂ ಮೂರು ಹನ್ನೆರಡು. ಅದರ ಮರುದಿನವೂ.
ನಲವತ್ತು ಸೆಕೆಂಡು ಇದ್ದು ಹೋಗುತ್ತಾನೆ, ಏನನ್ನೂ ಮುಟ್ಟುವುದಿಲ್ಲ.
ಕೀಲಿಯ ಗುರುತು ಅವನದೇ, ವಿಳಾಸ ಅವನ ಮನೆಯದೇ.
ಏಳು ತಿಂಗಳು ಈ ಸಾಲು
ಪ್ರಿಂಟರಿನ ಮುನಿಸಿನ ಕೆಳಗೆ ಹೂತುಹೋಗಿತ್ತು.

ಭಾನುವಾರ ಹೋದೆ. ಅವನ ಹೆಂಡತಿ ಹೆಲ್ಯು ಬಾಗಿಲು ತೆಗೆದಳು.
ಅಡುಗೆಮನೆಯ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು,
ಪಕ್ಕದಲ್ಲಿ ರೂಲು ಹಾಕಿದ ನೋಟುಬುಕ್ಕು.
ಅವನು ಸತ್ತ ವಾರದಿಂದ ಇವತ್ತಿನವರೆಗೆ
ಪೆನ್ಸಿಲಿನಲ್ಲಿ ಒಂದೊಂದು ಸಾಲು: ತಾರೀಖು, ನೀರು, ಗಾಳಿ.
"ಅವನು ಏಳುತ್ತಿದ್ದ ಹೊತ್ತಿಗೆ ನನಗೂ ಎಚ್ಚರ.
ಏನು ಒತ್ತಬೇಕೆಂದು ಚೀಟಿಯಲ್ಲಿ ಬರೆದಿಟ್ಟಿದ್ದ, ಅಷ್ಟೇ ಗೊತ್ತು ನನಗೆ.
ತಪ್ಪೇ?"

ತಪ್ಪೇ.
ಅವಳು ಕೊಟ್ಟ ಕಪ್ಪು ರೊಟ್ಟಿ ತಿನ್ನುತ್ತಲೇ ಹೇಳಿದೆ.

ಸೋಮವಾರ ಎಂಡೆಲ್‌ನ ಕೀಲಿ ಅಳಿಸಿದೆ.
ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು,
ಒಂದಕ್ಷರ ತಪ್ಪಿ ಎರಡು ಸಲ ಬರೆಯಬೇಕಾಯಿತು.
ಆಮೇಲೆ ಹೊಸ ಖಾತೆ ತೆರೆದೆ, ಓದುವುದಕ್ಕೆ ಮಾತ್ರ,
ಅದೂ ನೀರು, ಗಾಳಿ ಎರಡನ್ನೇ.
ಟಾಲಿನ್ನಿನವರು ಹುದ್ದೆ ಯಾವುದೆಂದು ಕೇಳಿದರು.
ವೀಕ್ಷಕಿ, ಸಂಬಳವಿಲ್ಲ ಎಂದು ತುಂಬಿದೆ.

ಈಗ ಮೂರನೇ ಗೂಡಿನಲ್ಲಿ ಸುಳ್ಳಿಲ್ಲ.
ಮೂರು ಹನ್ನೆರಡು: ಹೆಲ್ಯು.
ನಿನ್ನೆ ಮಾತ್ರ ಮೂರು ಹದಿನೆಂಟಾಯಿತು.
ಆ ಆರು ನಿಮಿಷ
ಚೀಟಿ ಹುಡುಕಿದಳೋ, ಕಡೆಗೂ ಕಣ್ಣು ಹತ್ತಿತ್ತೋ,
ಎಷ್ಟು ಮಾತಾಡೆಂದರೂ
ಕಡತ ಅದನ್ನು ಹೇಳುವುದಿಲ್ಲ.